ಹೆಸರು ಹಿಡಿದು ಕರೆದಾಗ ಬಾಲ ಅಲ್ಲಾಡಿತು!

1959ರ ಜನವರಿ 14. ಅಂಟಾರ್ಕ್ಟಿಕಾ ಖಂಡದಲ್ಲಿ ಜಪಾನಿನ ಸಂಶೋಧನಾ ನೆಲೆಯಾದ ‘ಶೋವಾ’ದ ಹಿಮದ ಮೇಲೆ ಎರಡು ಕಪ್ಪು ನಾಯಿಗಳು ಓಡಾಡುತ್ತಿದ್ದವು. ಸುಮಾರು ಒಂದು ವರ್ಷದಿಂದ ಅಲ್ಲಿ ಮನುಷ್ಯರ ಸುಳಿವೇ ಇರಲಿಲ್ಲ. ಹಿಂದಿನ ತಂಡದಲ್ಲಿ ನಾಯಿಗಳನ್ನು ನೋಡಿಕೊಂಡಿದ್ದ ತರುಣ ವಿಜ್ಞಾನಿ ಕಿತಾಮುರಾ ತೈಇಚಿ ಈ ಸಲವೂ ಬಂದಿದ್ದರು. ಆದರೆ ಮೈ ತುಂಬಿಕೊಂಡು ಬೆಳೆದಿದ್ದ ನಾಯಿಗಳ ಗುರುತು ಅವರಿಗೇ ಸಿಗಲಿಲ್ಲ. ನಾಯಿಗಳೂ ಹತ್ತಿರ ಬರದೆ ಅನುಮಾನದಿಂದ ನೋಡುತ್ತಿದ್ದವು.

ಕಿತಾಮುರಾ ತಮಗೆ ನೆನಪಿದ್ದ ಹೆಸರುಗಳನ್ನು ಒಂದೊಂದಾಗಿ ಕರೆಯತೊಡಗಿದರು. ‘ತಾರೋ’ ಎಂದಾಗ ಒಂದರ ಬಾಲ ಅಲ್ಲಾಡಿತು. ‘ಜಿರೋ’ ಎಂದಾಗ ಇನ್ನೊಂದು ತನ್ನ ಹಳೆಯ ಅಭ್ಯಾಸದಂತೆ ಮುಂಗಾಲೆತ್ತಿತು!

ಮನೆಗೆ ನಾಯಿಮರಿಯೋ ಬೆಕ್ಕಿನ ಮರಿಯೋ ಬಂದ ದಿನ ಮಕ್ಕಳಲ್ಲಿ ಏಳುವ ಮೊದಲ ಪ್ರಶ್ನೆ, ‘ಹೆಸರೇನು ಇಡೋಣ?’ ಜಪಾನಿನ ಕಾರ್ಟೂನುಗಳನ್ನು ನೋಡಿ ಬೆಳೆಯುವ ಮಕ್ಕಳಿಗೆ ಹಾಚಿ, ಯುಕಿ, ಸಕುರಾ ಮುಂತಾದ ಹೆಸರುಗಳೆಂದರೆ ಇಷ್ಟ. ಕಿವಿಗೆ ಇಂಪು, ಕರೆಯಲು ಸುಲಭ. ಆದರೆ ಆ ಹೆಸರುಗಳನ್ನು ಜಪಾನೀಯರು ಹೇಗೆ ಆರಿಸುತ್ತಾರೆ, ಅವುಗಳ ಹಿಂದೆ ಏನಿದೆ ಎಂಬುದನ್ನೂ ತಿಳಿದರೆ ಆಯ್ಕೆಗೆ ಅರ್ಥ ಬರುತ್ತದೆ.

ಬಣ್ಣ, ಸಂಖ್ಯೆ, ಸರದಿ

ಜಪಾನಿನ ಹಳೆಯ ನಾಯಿ ಹೆಸರುಗಳು ತೀರ ಸರಳ. ಕಪ್ಪು ನಾಯಿ ‘ಕುರೊ’, ಬಿಳಿಯದು ‘ಶಿರೊ’, ಕೆಂಚು ಬಣ್ಣದ್ದು ‘ಅಕಾ’. ಕನ್ನಡ ನಾಡಿನ ಹಳ್ಳಿಗಳ ಕರಿಯ, ಕೆಂಚರ ರೀತಿಯೇ ಇದು. ‘ತಾರೋ’ ಎಂದರೆ ಹಿರಿಯ ಮಗ, ‘ಜಿರೋ’ ಎಂದರೆ ಎರಡನೆಯವನು. ಗಂಡುಮಕ್ಕಳಿಗೆ ಸರದಿಯ ಪ್ರಕಾರ ಇಡುವ ಹೆಸರುಗಳೇ ನಾಯಿಗಳಿಗೂ ಬಂದವು.

ಅಂಟಾರ್ಕ್ಟಿಕಾದಲ್ಲಿ ಬಂಡಿ ಎಳೆಯುತ್ತಿದ್ದ ನಾಯಿಗಳ ಪೈಕಿ ‘ಕುಮಾ’ಗಳು ಇಬ್ಬರಿದ್ದರು. ಕುಮಾ ಎಂದರೆ ಕರಡಿ. ಹೆಸರು ಒಂದೇ ಆದ್ದರಿಂದ ‘ಫೂರೆನ್ ಊರಿನ ಕುಮಾ’, ‘ಮೊನ್ಬೆತ್ಸು ಊರಿನ ಕುಮಾ’ ಎಂದು ಊರು ಸೇರಿಸಿ ಕರೆಯುತ್ತಿದ್ದರು. ಅದೇ ತಂಡದಲ್ಲಿ ಒಂದು ಬೆಕ್ಕೂ ಇತ್ತು. ಅದಕ್ಕೆ ಇಟ್ಟಿದ್ದು ತಂಡದ ನಾಯಕ ನಾಗಾತಾ ತಾಕೇಶಿಯವರ ಹೆಸರನ್ನೇ!

ಎಂಟರ ಮಹಿಮೆ

ಜಗತ್ತಿಗೆಲ್ಲ ಗೊತ್ತಿರುವ ಜಪಾನಿ ನಾಯಿಯ ಹೆಸರು ಹಾಚಿ. ಹಾಗೆಂದರೆ ಎಂಟು. ಎಂಟು ಎಂಬ ಅಕ್ಷರವನ್ನು ಜಪಾನಿಯಲ್ಲಿ ಬರೆಯುವಾಗ ಅದರ ಎರಡು ಗೆರೆಗಳು ಕೆಳಗೆ ಹೋದಂತೆ ಅಗಲವಾಗುತ್ತವೆ. ಮುಂದೆ ಏಳಿಗೆಯಾಗುತ್ತದೆ ಎಂಬುದರ ಸಂಕೇತ ಅದು. ಹೀಗಾಗಿ ಎಂಟು ಅಲ್ಲಿ ಶುಭಸಂಖ್ಯೆ.

1923ರಲ್ಲಿ ಅಕಿತಾ ಪ್ರಾಂತದಲ್ಲಿ ಹುಟ್ಟಿದ ಹಾಚಿಯನ್ನು ಟೋಕಿಯೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಉಎನೊ ಹಿದೆಸಬುರೊ ಸಾಕಿದರು. 1925ರ ಮೇ ತಿಂಗಳಲ್ಲಿ ಪ್ರಾಧ್ಯಾಪಕರು ಹಠಾತ್ತನೆ ತೀರಿಕೊಂಡರು. ಹಾಚಿ ಮಾತ್ರ ಶಿಬುಯಾ ರೈಲು ನಿಲ್ದಾಣಕ್ಕೆ ಹೋಗಿ ಅವರಿಗಾಗಿ ಕಾಯುವುದನ್ನು ಬಿಡಲಿಲ್ಲ. 1935ರ ಮಾರ್ಚಿಯಲ್ಲಿ ಸಾಯುವವರೆಗೆ, ಹತ್ತಿರ ಹತ್ತಿರ ಹತ್ತು ವರ್ಷ ಕಾಯಿತು. ನಿಲ್ದಾಣದ ಮುಂದೆ 1934ರಲ್ಲಿ ಅದರ ಪ್ರತಿಮೆ ಅನಾವರಣವಾದಾಗ ಹಾಚಿಯೂ ಅಲ್ಲಿತ್ತು. ಜನರು ಗೌರವದಿಂದ ಹೆಸರಿನ ಕೊನೆಗೆ ‘ಕೋ’ ಸೇರಿಸಿದ್ದರಿಂದ ಅದು ‘ಹಾಚಿಕೋ’ ಆಯಿತು.

ಬೆಕ್ಕಿನ ಪಟ್ಟಾಭಿಷೇಕ

ಬೆಕ್ಕುಗಳಿಗೆ ಅಲ್ಲಿನ ಹಳೆಯ ಮೆಚ್ಚಿನ ಹೆಸರು ‘ತಮಾ’. ಚೆಂಡು ಎಂದೂ ಅರ್ಥ, ಮಣಿ ಎಂದೂ ಅರ್ಥ. ವಾಕಾಯಾಮಾ ಪ್ರಾಂತದ ಕಿಶಿ ಎಂಬ ಸಣ್ಣ ರೈಲು ನಿಲ್ದಾಣಕ್ಕೆ 2007ರಲ್ಲಿ ತಮಾ ಎಂಬ ಬೆಕ್ಕನ್ನು ಸ್ಟೇಷನ್ ಮಾಸ್ಟರ್ ಆಗಿ ನೇಮಿಸಿದರು. ಟೋಪಿ ತೊಟ್ಟ ತಮಾಳನ್ನು ನೋಡಲು ಜನ ಮುಗಿಬಿದ್ದರು. 2015ರಲ್ಲಿ ಅದು ಸತ್ತ ಮೇಲೆ ಆ ಸ್ಥಾನಕ್ಕೆ ಬಂದದ್ದು ‘ನಿತಮಾ’, ಅಂದರೆ ಎರಡನೆಯ ತಮಾ. ನಾಲ್ಕನೆಯದು ‘ಯೋನ್‌ತಮಾ’. ಜಪಾನಿಯಲ್ಲಿ ನಾಲ್ಕಕ್ಕೆ ‘ಶಿ’ ಎಂಬ ಉಚ್ಚಾರವೂ ಉಂಟು. ಸಾವು ಎಂಬ ಪದದ ಉಚ್ಚಾರವೂ ಅದೇ! ಅದಕ್ಕೇ ಹೆಸರಿನಲ್ಲಿ ‘ಯೋನ್’ ಎಂಬ ಇನ್ನೊಂದು ರೂಪ.

ಹೆಸರೇ ಇಲ್ಲದ ಬೆಕ್ಕೂ ಅಲ್ಲಿ ಪ್ರಸಿದ್ಧವಾಗಿದೆ. ನತ್ಸುಮೆ ಸೋಸೆಕಿಯವರ ಕಾದಂಬರಿ ‘ನಾನು ಬೆಕ್ಕು’ 1905ರಲ್ಲಿ ಪತ್ರಿಕೆಯೊಂದರಲ್ಲಿ ಬರಲಾರಂಭಿಸಿತು. ಕತೆ ಹೇಳುವ ಬೆಕ್ಕಿಗೆ ಕೊನೆಯವರೆಗೂ ಹೆಸರಿಲ್ಲ. ಸೋಸೆಕಿಯವರ ಮನೆಯ ಬೆಕ್ಕಿಗೂ ಇರಲಿಲ್ಲ. ಆದರೂ 1908ರಲ್ಲಿ ಅದು ಸತ್ತಾಗ ಅವರು ಗೆಳೆಯರಿಗೆಲ್ಲ ಕಾರ್ಡು ಬರೆದು ಸಾವಿನ ಸುದ್ದಿ ತಿಳಿಸಿದರು.

ಅಂಗಳದಿಂದ ಅಡುಗೆಮನೆಗೆ

ಇಂದು ಜಪಾನಿನ ನಾಯಿ ಅಂಗಳ ಬಿಟ್ಟು ಮನೆಯೊಳಗೆ ಬಂದಿದೆ. ಹೆಸರುಗಳೂ ಒಳಗೆ ಬಂದಿವೆ. ‘ಮೊಮೊ’ ಎಂದರೆ ಪೀಚ್ ಹಣ್ಣು, ‘ಕಿನಾಕೊ’ ಎಂದರೆ ಹುರಿದ ಸೋಯಾ ಹಿಟ್ಟು, ‘ಅಜುಕಿ’ ಎಂದರೆ ಸಿಹಿತಿಂಡಿಗೆ ಬಳಸುವ ಕೆಂಪು ಕಾಳು. ‘ಸೊರಾ’ ಎಂದರೆ ಆಕಾಶ, ‘ಹರು’ ವಸಂತ, ‘ಯುಕಿ’ ಹಿಮ, ‘ತೊರಾ’ ಹುಲಿ. ಮೂರು ಬಣ್ಣದ ಬೆಕ್ಕಿಗೆ ‘ಮಿಕೆ’, ಅಂದರೆ ಮೂರು ಕೂದಲು!

ಅಲ್ಲಿ ಬಹಳ ಜನಪ್ರಿಯವಾದ ‘ಮುಗಿ’ಗೆ ಗೋಧಿ, ಬಾರ್ಲಿ ಎಂಬ ಅರ್ಥ. ಕನ್ನಡದ ಮನೆಯಲ್ಲಿ ದಿನವೂ ‘ಮುಗಿ, ಮುಗಿ’ ಎಂದು ಕೂಗಿದರೆ ಅಜ್ಜಿ ಗದರಿಸದೆ ಇರುವರೇ? ಬೇರೆ ಭಾಷೆಯ ಹೆಸರು ನಮ್ಮ ಕಿವಿಗೆ ಹೇಗೆ ಕೇಳುತ್ತದೆ ಎಂಬುದನ್ನೂ ನೋಡಬೇಕು.

ಆರಿಸುವ ಮುನ್ನ

* ಎರಡು ಅಥವಾ ಮೂರು ಅಕ್ಷರದ ಹೆಸರು ಸಾಕು. ಕರೆಯುವುದೂ ಸುಲಭ, ಪ್ರಾಣಿ ಕಲಿಯುವುದೂ ಸುಲಭ.

* ಗದರಿಸುವ ಮಾತನ್ನು ಹೋಲುವ ಹೆಸರು ಬೇಡ. ‘ನೋ’ ಎಂದು ಗದರಿಸುವ ಮನೆಯಲ್ಲಿ ನಾಯಿಗೆ ‘ನೊಬು’ ಎಂದು ಹೆಸರಿಟ್ಟರೆ ಅದಕ್ಕೆ ಗೊಂದಲ.

* ಜಪಾನಿಯಲ್ಲಿ ಒಂದೇ ಉಚ್ಚಾರಕ್ಕೆ ಹಲವು ಅರ್ಥಗಳಿರಬಹುದು. ‘ಹನಾ’ ಎಂದರೆ ಹೂವು, ಮೂಗೂ ಹೌದು!

* ಅಪ್ಪ ಒಂದು, ಮಗಳು ಇನ್ನೊಂದು ಹೆಸರಿನಿಂದ ಕರೆಯಬಾರದು. ಮನೆಮಂದಿಯೆಲ್ಲ ಒಂದೇ ಹೆಸರು ಬಳಸಬೇಕು.

* ಹೆಸರು ಕರೆದು ಹೊಡೆಯಬೇಡಿ, ಬೈಯಬೇಡಿ. ಹೆಸರು ಕೇಳಿದರೆ ಅದು ಓಡಿ ಬರಬೇಕೇ ಹೊರತು ಅವಿತುಕೊಳ್ಳಬಾರದು.

ಹೆಸರಿಟ್ಟ ಮೇಲೆ

ಮತ್ತೆ ಅಂಟಾರ್ಕ್ಟಿಕಾಕ್ಕೆ ಬರೋಣ. 1958ರ ಫೆಬ್ರವರಿಯಲ್ಲಿ ಹವಾಮಾನ ಕೆಟ್ಟು, ಮಂಜುಗಡ್ಡೆಯಿಂದಾಗಿ ಹಡಗು ನೆಲೆಯನ್ನು ತಲುಪಲಾಗಲಿಲ್ಲ. ಮೊದಲ ತಂಡದವರು ಮರಳಿದರು. ತಾಕೇಶಿ ಬೆಕ್ಕೂ ಮರಳಿತು. ಹೊಸ ತಂಡ ಬಂದೇ ಬರುತ್ತದೆ ಎಂಬ ನಂಬಿಕೆಯಿಂದ ಸರಪಳಿಯಲ್ಲಿ ಕಟ್ಟಿದ್ದ 15 ನಾಯಿಗಳು ಅಲ್ಲೇ ಉಳಿದವು. ಹೊಸ ತಂಡ ಬರಲಾಗಲಿಲ್ಲ. ಏಳು ನಾಯಿಗಳು ಕಟ್ಟಿದಲ್ಲೇ ಸತ್ತವು. ಆರು ಕಾಣೆಯಾದವು. ಉಳಿದದ್ದು ತಾರೋ, ಜಿರೋ ಮಾತ್ರ.

ಜಿರೋ 1960ರಲ್ಲಿ ಅಂಟಾರ್ಕ್ಟಿಕಾದಲ್ಲೇ ಸತ್ತಿತು. ತಾರೋ ತಾಯ್ನಾಡಿಗೆ ಮರಳಿ ಸಪ್ಪೊರೊದಲ್ಲಿ 1970ರವರೆಗೆ ಬದುಕಿತು. ಆ ನಾಯಿಗಳಿಗೆ ಹೆಸರಿಟ್ಟು, ಹೆಸರು ಹಿಡಿದು ಕರೆದು ದುಡಿಸಿಕೊಂಡಿದ್ದವರಿಗೆ ಆ ಸಾವುಗಳು ಬರಿಯ ಲೆಕ್ಕವಾಗಿರಲಿಲ್ಲ. 1959ರಲ್ಲಿ ಟೋಕಿಯೋ ಟವರಿನ ಬಳಿ ನಿಲ್ಲಿಸಿದ ಸ್ಮಾರಕದಲ್ಲಿ ಬದುಕಿದ ಎರಡು ನಾಯಿಗಳಷ್ಟೇ ಅಲ್ಲ, ಹದಿನೈದರ ಪ್ರತಿಮೆಗಳೂ ಇದ್ದವು.

ಹೆಸರು ಜಪಾನಿಯದೋ ಕನ್ನಡದ್ದೋ, ನಾಯಿಗೆ ಬೆಕ್ಕಿಗೆ ಅದರ ಅರ್ಥ ತಿಳಿಯದು. ಕರೆದ ದನಿ ಯಾರದು ಎಂಬುದು ತಿಳಿಯುತ್ತದೆ. ಪರೀಕ್ಷೆ ಬಂದಾಗಲೂ, ರಜೆಗೆ ಊರಿಗೆ ಹೊರಟಾಗಲೂ, ಮರಿ ಮುದಿಯಾದಾಗಲೂ ಆ ದನಿ ಕೇಳುತ್ತಿರುತ್ತದೆಯೇ? ಹೆಸರಿಡುವ ದಿನ ಮನೆಮಂದಿಯೆಲ್ಲ ಕುಳಿತು ಮೊದಲು ತೀರ್ಮಾನಿಸಬೇಕಾದದ್ದು ಅದನ್ನು.