ಕಾಲೊರಸಿನ ಜಾತಕ

ತೆಂಗಿನ ನಾರಿನ ಕಾಲೊರಸು ಪ್ರಕೃತಿಯ ಕೂಸು, ಅದರಿಂದ ಯಾರಿಗೇನು ಕೇಡು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನಿಜವೋ ಸುಳ್ಳೋ ತಿಳಿಯಬೇಕಾದರೆ ಅದರ ಹುಟ್ಟಿನಿಂದ ಸಾವಿನವರೆಗೂ ಲೆಕ್ಕ ಬರೆಯಬೇಕು. ಇದೇ ಜೀವನಚಕ್ರ ವಿಶ್ಲೇಷಣೆ. 1969ರಲ್ಲಿ ಕೋಕಾ-ಕೋಲಾ ಕಂಪನಿ ತನ್ನ ಡಬ್ಬಿ-ಬಾಟಲಿಗಳ ಬಗ್ಗೆ ಅಮೆರಿಕದಲ್ಲಿ ಮಾಡಿಸಿದ ಲೆಕ್ಕ ಇದರ ಮೊದಲ ಮಾದರಿಗಳಲ್ಲೊಂದು.

ಮೊದಲು ಅಳತೆ ಗೊತ್ತುಮಾಡಬೇಕು: ಒಂದು ಬಾಗಿಲು, ಐದು ವರ್ಷ. ಆಗಲೇ ಪ್ಲಾಸ್ಟಿಕ್ ಕಾಲೊರಸಿನೊಡನೆ ಹೋಲಿಕೆ ಸಾಧ್ಯ.

ಆಮೇಲೆ ಅಂಕಿಗಳು. ತಿರುವನಂತಪುರದ ಹತ್ತಿರದ ಕಠಿನಂಕುಳಂ ಹಿನ್ನೀರಿನಲ್ಲಿ ಕಾಯಿಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕುವುದು ಹಳೆಯ ರೂಢಿ. ಕೊಳೆಯುವಾಗ ನೀರಿನ ಆಮ್ಲಜನಕ ಇಳಿಯುತ್ತೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಏಳುತ್ತೆ, ಮೀನು ಕಡಿಮೆಯಾಗುತ್ತೆ. ಇದು ಯಾವ ಬಿಲ್ಲಿನಲ್ಲೂ ಸಿಗೋದಿಲ್ಲ, ನೀರನ್ನೇ ಅಳೆಯಬೇಕು. ಯಂತ್ರದಿಂದ ಹಸಿ ಸಿಪ್ಪೆ ಬಿಡಿಸಿದರೆ ಕೊಳೆಸೋದು ತಪ್ಪುತ್ತೆ, ಕರೆಂಟು ಸೇರುತ್ತೆ. ಎರಡನ್ನೂ ಬರೆಯಿರಿ.

ಕೊಚ್ಚಿಯಲ್ಲಿ ಕಯರ್ ಬೋರ್ಡಿನ ಪ್ರಧಾನ ಕಚೇರಿ ಇದೆ; 1953ರ ಕಾಯಿದೆಯಿಂದ ಹುಟ್ಟಿದ ಸಂಸ್ಥೆ. ಉತ್ಪಾದನೆ, ರಫ್ತಿನ ಅಂಕಿ ಅಲ್ಲಿಂದ ಸಿಗುತ್ತೆ. ಆದರೆ ಇಡೀ ಉದ್ಯಮದ ಮೊತ್ತ ಒಂದು ಗುಂಡಿಯ ಸಂಗತಿ ಹೇಳದು.

ಇನ್ನೊಂದು ತೊಡಕು: ಒಂದೇ ಕಾಯಿ ಕೊಬ್ಬರಿ, ಕರಟ, ನಾರು ಮೂರನ್ನೂ ಕೊಡುತ್ತೆ. ಮರಕ್ಕೆ ಹಾಕಿದ ಗೊಬ್ಬರ ಯಾರ ಲೆಕ್ಕಕ್ಕೆ? ತೂಕದಂತೆ ಹಂಚಿದರೆ ಸಿಪ್ಪೆಗೆ ದೊಡ್ಡ ಪಾಲು, ಬೆಲೆಯಂತೆ ಹಂಚಿದರೆ ಚಿಕ್ಕದು. ಯಾವುದನ್ನು ಹಿಡಿದೆವು ಅಂತ ಬರೆದಿಡದಿದ್ದರೆ ಉತ್ತರಕ್ಕೆ ಬೆಲೆಯಿಲ್ಲ.

ಕಡೆಯ ಮಾತು: ಸಿಗದ ಅಂಕಿಯ ಜಾಗದಲ್ಲಿ ಸೊನ್ನೆ ಹಾಕಬಾರದು. ಹಾಕಿದರೆ, ಹಿನ್ನೀರಿನ ಮೀನಿಗೆ ಏನೂ ಆಗಿಲ್ಲವೆಂದು ನಾವೇ ಸಹಿ ಮಾಡಿದಂತೆ.