ಹೊಗೆಸೊಪ್ಪೂ ಗೆಲ್ಲುವ ಪರೀಕ್ಷೆ

ಗಿಡಮೂಲಿಕೆಯೊಂದರ ಸಾರ ಆಂಟಿಆಕ್ಸಿಡೆಂಟ್ ಹೌದೋ ಅಲ್ಲವೋ ಎಂದು ತಿಳಿಯಲು ಪ್ರಯೋಗಾಲಯದವರು ಬಳಸುವ ಸುಲಭದ ದಾರಿ ಡಿಪಿಪಿಎಚ್ ಪರೀಕ್ಷೆ. ಬೇರನ್ನೋ ಎಲೆಯನ್ನೋ ಒಣಗಿಸಿ ಪುಡಿಮಾಡಿ ಮೆಥನಾಲಿನಲ್ಲಿ ನೆನೆಸುತ್ತಾರೆ. ಆ ಸಾರ ಬಿದ್ದಾಗ ಡಿಪಿಪಿಎಚ್‌ನ ನೇರಳೆ ದ್ರಾವಣ ಹಳದಿಗೆ ತಿರುಗಿದರೆ ಸಾರದ ಪಾಲಿಫಿನಾಲಿನಂಥ ವಸ್ತುಗಳು ಫ್ರೀ ರ‍್ಯಾಡಿಕಲ್‌ಗಳನ್ನು ತಣಿಸಿವೆ ಎಂದರ್ಥ. ಎಚ್.ಡಿ. ಕೋಟೆ ಕಾಡಂಚಿನ ನೆಲ್ಲಿಕಾಯಿ ಇದರಲ್ಲಿ ಗೆಲ್ಲುತ್ತದೆ, ಕೆ.ಆರ್. ನಗರದ ಗದ್ದೆಬದುವಿನ ಒಂದೆಲಗವೂ ಗೆಲ್ಲುತ್ತದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪೂ ಸೋಲುವುದಿಲ್ಲ. ಕ್ಲೋರೋಜೆನಿಕ್ ಆಮ್ಲ, ರೂಟಿನ್ ಎಂಬ ಪಾಲಿಫಿನಾಲುಗಳು ಅದರಲ್ಲಿ ಧಾರಾಳವಾಗಿವೆ. ಹಾಗೆಂದು ಅದನ್ನು ಯಾರೂ ಟಾನಿಕ್ ಎಂದು ಮಾರುವುದಿಲ್ಲ. ಪರೀಕ್ಷೆ ಸುಳ್ಳಲ್ಲ, ಆದರೆ ಅದು ಉತ್ತರಿಸುವ ಪ್ರಶ್ನೆ ಬಹಳ ಚಿಕ್ಕದು.

ನಾವು ಉಪ್ಪಿನಕಾಯಿ ಹಾಕುವ ಮಾಗಳಿ ಬೇರನ್ನೇ ನೋಡಿ. ಅದರ ಆಂಟಿಆಕ್ಸಿಡೆಂಟ್ ಗುಣವನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಈ ಶತಮಾನದ ಮೊದಲ ದಶಕದಲ್ಲೇ ತೋರಿಸಿದ್ದರು. ಒಳ್ಳೆಯ ಕೆಲಸ. ಆದರೆ ಗಾಜಿನ ಕೊಳವೆಯಲ್ಲಿ ಕರುಳೂ ಇಲ್ಲ, ಯಕೃತ್ತೂ ಇಲ್ಲ. ನುಂಗಿದ ಪಾಲಿಫಿನಾಲುಗಳಲ್ಲಿ ಹೆಚ್ಚಿನವು ಕರುಳು, ಯಕೃತ್ತಿನಲ್ಲೇ ರೂಪ ಬದಲಿಸುತ್ತವೆ, ರಕ್ತ ಸೇರುವುದು ಅಲ್ಪ. ಮೆಥನಾಲಿನ ಸಾರವೂ ಮನೆಯ ಕಷಾಯವೂ ಒಂದೇ ಅಲ್ಲ. ಉರಿಯೂತದ ಪ್ರಯೋಗದ ಕಥೆಯೂ ಹೀಗೆಯೇ. ಇಲಿಯ ಪಾದಕ್ಕೆ ಊತ ಬರಿಸುವ ಕ್ಯಾರಜೀನನ್ ಚುಚ್ಚಿ, ಕೆಲವೇ ಗಂಟೆಗಳಲ್ಲಿ ಊತ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ವರ್ಷಗಟ್ಟಲೆ ಕಾಡುವ ಮಂಡಿನೋವಿಗೆ ಆ ಅಳತೆಯಿಂದ ಭರವಸೆ ಕೊಡಲಾಗದು.

ಒಳ್ಳೆಯದು ಸ್ವಲ್ಪ ಹೆಚ್ಚಾದರೆ ನಷ್ಟವೇನು ಎನ್ನುವವರಿಗೆ ಫಿನ್ಲೆಂಡಿನಲ್ಲಿ ಉತ್ತರವಿದೆ. ಅಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಎಂಬ, ಕ್ಯಾರೆಟ್ಟಿನಲ್ಲೂ ಇರುವ ಆಂಟಿಆಕ್ಸಿಡೆಂಟಿನ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅದನ್ನು ಓದಿ ಕ್ಯಾರೆಟ್ ಬಿಡಬೇಕಿಲ್ಲ. ಊಟದಲ್ಲಿ ಬರುವುದು ಬೇರೆ, ಮಾತ್ರೆಯಲ್ಲಿ ಬರುವುದು ಬೇರೆ.

ಹಾಗಾದರೆ ಜೇನುಕುರುಬರ, ನಾಟಿವೈದ್ಯರ ತಲೆಮಾರುಗಳ ಅರಿವಿಗೆ ಬೆಲೆಯಿಲ್ಲವೇ? ಇದು ಗಟ್ಟಿಯಾದ ಆಕ್ಷೇಪ. ನನ್ನ ಪ್ರಕಾರ ಆ ಅರಿವನ್ನು ಕಡೆಗಣಿಸುತ್ತಿರುವುದು ಈ ಆಂಟಿಆಕ್ಸಿಡೆಂಟ್ ಭಜನೆಯೇ. ಯಾವ ಕಾಯಿಲೆಗೆ, ಯಾವ ಭಾಗ, ಎಷ್ಟು, ಹೇಗೆ ಎಂಬುದು ನಾಟಿವೈದ್ಯದ ತಿರುಳು. ಎಲ್ಲ ಗಿಡಕ್ಕೂ ಒಂದೇ ಹಣೆಪಟ್ಟಿ ಅಂಟಿಸಿದರೆ ಅದೇ ಅಳಿಸಿಹೋಗುತ್ತದೆ. ಆ ಅರಿವನ್ನು ಗೌರವಿಸುವ ದಾರಿ ಬೇರೆ. ಚೀನಾದ ವಿಜ್ಞಾನಿ ತು ಯೂಯೂ ಹಳೆಯ ಗ್ರಂಥದಲ್ಲಿದ್ದ, ಗಿಡವನ್ನು ಕುದಿಸದೆ ನೀರಲ್ಲಿ ನೆನೆಸಿ ಹಿಂಡಬೇಕೆಂಬ ಸೂಚನೆಯನ್ನು ಗಂಭೀರವಾಗಿ ತೆಗೆದುಕೊಂಡರು. ಕಡಿಮೆ ಶಾಖದಲ್ಲಿ ಸಾರ ತೆಗೆದು, ಅದು ಮಲೇರಿಯಾ ರೋಗಾಣುವನ್ನು ಕೊಲ್ಲುತ್ತದೆಯೇ ಎಂದೇ ಕೇಳಿದರು. ಮಲೇರಿಯಾ ಔಷಧ ಆರ್ಟೆಮಿಸಿನಿನ್ ಸಿಕ್ಕಿದ್ದು ಹಾಗೆ. 2015ರಲ್ಲಿ ನೊಬೆಲ್ ಬಂತು.

ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ ಎಂಬುದು ಮಾತ್ರ ಒಪ್ಪಲಾಗದ ಮಾತು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಯಕೃತ್ತಿನ ಹಾನಿಯಾಯಿತೆಂದು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ; ಅವರು ಸೇವಿಸಿದ್ದು ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿ ಇದ್ದೀತು ಎಂಬ ಸಂದೇಹವೂ ಎದ್ದಿತು. ಹಾಗಿದ್ದರೂ ಕೊಳ್ಳುವವರ ಪಾಡು ಬದಲಾಗದು: ಪುಡಿಯಾಗಿ ಡಬ್ಬಿ ಸೇರಿದ ಮೇಲೆ ಅದು ಯಾವ ಬಳ್ಳಿಯೆಂದು ಅಂಗಡಿಯವನೂ ಹೇಳಲಾರ.