ಮನೆಯೊಳಗೆ ರೈಲು ಓಡಿಸ್ತೀರಾ? ಅವಸರ ಬ್ಯಾಡ್ರೀ!

ಹುಬ್ಬಳ್ಳಿ: ರೈಲಿನ ವಿಷಯದಲ್ಲಿ ನಮ್ಮೂರು ಯಾರಿಗೂ ಕಡಿಮೆ ಇಲ್ಲ. 2023ರಲ್ಲಿ ಉದ್ಘಾಟನೆಯಾದ ಇಲ್ಲಿನ ಪ್ಲಾಟ್‌ಫಾರ್ಮಿನ ಉದ್ದ 1507 ಮೀಟರ್. ಅದನ್ನೇ ಮನೆಯೊಳಗೆ ತಂದರೆ? ಮಾದರಿ ರೈಲಿನವರ ಎಚ್‌ಓ ಅಳತೆಯಂತೆ 87ರಲ್ಲಿ ಒಂದು ಪಾಲು ಮಾಡಿದರೂ 57 ಅಡಿ ಜಾಗ ಬೇಕು! ಅದಕ್ಕೇ ಬಲ್ಲವರು ಜಂಕ್ಷನ್ ಗೊಡವೆಗೆ ಹೋಗದೆ ಒಂದು ಸಣ್ಣ ಸ್ಟೇಶನ್, ಒಂದು ಗೂಡ್ಸ್ ಸೈಡಿಂಗ್ ಇಟ್ಟುಕೊಂಡು ಶುರು ಮಾಡುತ್ತಾರೆ.

ಇದು ಹುಡುಗರ ಆಟಿಕೆ ಅಂತೀರಾ? ಅಲ್ಲವೇ ಅಲ್ಲ. ಪುಣೆಯ ಕೋಥರೂಡಿನಲ್ಲಿ ಭಾವುಸಾಹೇಬ ಜೋಶಿಯವರ ಕಿರು ರೈಲು ಸಂಗ್ರಹಾಲಯ 1998ರಲ್ಲಿ ತೆರೆಯಿತು. ಬ್ರಿಟನ್ನಿನ ಹಾಡುಗಾರ ರಾಡ್ ಸ್ಟೀವರ್ಟ್ ತಮ್ಮ ಮಾದರಿ ರೈಲಿಗೆ 23 ವರ್ಷ ದುಡಿದು, 2019ರಲ್ಲಿ ಜನರಿಗೆ ತೋರಿಸಿದರು. ಕಟ್ಟಡ, ಗುಡ್ಡ ಬಹುಪಾಲು ಅವರ ಕೈಕೆಲಸವೇ. ವೈರಿಂಗ್ ಮಾತ್ರ ಬೇರೆಯವರದು!

ಹಲಗೆಯ ಕೆಳಗಿನ ಗುಟ್ಟು

ಕಷ್ಟ ಇರುವುದೂ ಅಲ್ಲೇ. ಮಾಮೂಲಿ ಮಾದರಿ ರೈಲು ಓಡುವುದು 12 ವೋಲ್ಟ್ ಡಿ.ಸಿ. ಕರೆಂಟಿನಲ್ಲಿ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಅದಲುಬದಲಾದರೆ ಗಾಡಿ ಹಿಂದಕ್ಕೆ. ಇಷ್ಟೇ ತಾನೆ ಎಂದು ಒಂದೇ ಕಡೆ ಎರಡು ತಂತಿ ಸಿಕ್ಕಿಸಿದರೆ, ಸ್ಟೇಶನ್ ಬಿಡುವಾಗ ಎಕ್ಸ್‌ಪ್ರೆಸ್ಸು, ದೂರದ ತಿರುವಿನಲ್ಲಿ ಎತ್ತಿನ ಬಂಡಿ! ಹಳಿ ಕೂಡಿಸುವ ತಗಡಿನ ತುಂಡು ಬರಬರುತ್ತಾ ಸಡಿಲಾಗಿ ಕರೆಂಟು ಸರಿಯಾಗಿ ದಾಟುವುದಿಲ್ಲ.

ಮದ್ದು ಇದೆ. ಹಲಗೆಯ ಕೆಳಗೆ ಉದ್ದಕ್ಕೂ ಎರಡು ದಪ್ಪ ತಂತಿ ಎಳೆದು, ಮೂರು-ನಾಲ್ಕು ಅಡಿಗೊಮ್ಮೆ ಅಲ್ಲಿಂದ ಸಣ್ಣ ತಂತಿ ತಂದು ಹಳಿಗೆ ಬೆಸೆಯಬೇಕು. ಆ ದಪ್ಪ ತಂತಿಗೆ ‘ಬಸ್ ವೈರ್’ ಎಂದು ಹೆಸರು. ನೀವು ದಿನಾ ಹತ್ತುವ ಬಸ್ಸಿಗೂ ಇದಕ್ಕೂ ಮೂಲ ಒಂದೇ, ‘ಎಲ್ಲರಿಗಾಗಿ’ ಎಂಬರ್ಥದ ಲ್ಯಾಟಿನ್ ಶಬ್ದ ಆಮ್ನಿಬಸ್.

ಒಂದೇ ರಾತ್ರಿ ನಲವತ್ತು ತಂತಿ ಬೆಸೆದು ಸ್ವಿಚ್ ಒತ್ತಿದಿರಿ ಅನ್ನಿ. ಶಾರ್ಟ್! ತಪ್ಪಿದ್ದು ಯಾವ ತಂತಿ? ಹುಡುಕುವುದರಲ್ಲೇ ವಾರ ಹೋಯಿತು. ದಿನಕ್ಕೆ ಎರಡೇ ಬೆಸೆದು, ಪ್ರತಿ ಸಲ ಇಂಜಿನ್ ಓಡಿಸಿ ನೋಡಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಒಂದು ಹಳಿಗೆ ಕೆಂಪು ತಂತಿ, ಇನ್ನೊಂದಕ್ಕೆ ಕಪ್ಪು, ಕೊನೆಯವರೆಗೂ ಬದಲಿಸಬಾರದು. ಗಾಡಿ ಸುತ್ತು ಹಾಕಿ ಬಂದ ದಾರಿಗೇ ಮರಳುವ ಕಡೆ ಪ್ಲಸ್ಸಿಗೆ ಮೈನಸ್ ಎದುರಾಗುತ್ತದೆ. ಅಲ್ಲಿ ಎರಡೂ ತುದಿಯಲ್ಲಿ ಹಳಿ ಕತ್ತರಿಸಿ ಬೇರೆ ಸ್ವಿಚ್ ಕೊಡಲೇಬೇಕು.

ಒಂದು ರೂಪಾಯಿ ಪರೀಕ್ಷೆ

ಕಟೌಟ್ ಇರುವ ಕಂಟ್ರೋಲರ್ ಹಚ್ಚಿ, ದೂರದ ತುದಿಯ ಹಳಿಗಳ ಮೇಲೆ ರೂಪಾಯಿ ನಾಣ್ಯ ಅಡ್ಡ ಇಡಿ. ತಟ್ಟನೆ ಕರೆಂಟು ಕಡಿದರೆ ಪಾಸ್. ಕಡಿಯದಿದ್ದರೆ ನಾಣ್ಯ ಕೂಡಲೇ ತೆಗೆಯಿರಿ. ತಂತಿ ಸಣ್ಣದು, ಇಲ್ಲವೇ ಬೆಸುಗೆ ಕಚ್ಚಾ. ಹಾಗೇ ಬಿಟ್ಟರೆ ಎಂದಾದರೂ ಶಾರ್ಟಾದಾಗ ತಂತಿ ಕಾಯುತ್ತದೆ, ಇಂಜಿನ್ ಸುಡುತ್ತದೆ. ಇನ್ನು ಗೋಡೆಯ 230 ವೋಲ್ಟ್ ಜೊತೆ ಆಟ ಬೇಡವೇ ಬೇಡ. ಒಳ್ಳೆ ಕಂಪನಿಯ ಮುಚ್ಚಿದ ಟ್ರಾನ್ಸ್‌ಫಾರ್ಮರೇ ಕೊಳ್ಳಿ.

ಬೆಂಕಿಗೆ ವರ್ಷಗಳ ಲೆಕ್ಕ ಗೊತ್ತಿಲ್ಲ. ಅಮೆರಿಕದ ಜಾನ್ ಅಲೆನ್ ದಶಕಗಳ ಕಾಲ ಕಟ್ಟಿದ ಜಗತ್ಪ್ರಸಿದ್ಧ ಮಾದರಿ ರೈಲು, 1973ರ ಜನವರಿಯಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿಗೆ ಆಹುತಿಯಾಯಿತು. ಕಟ್ಟಲು ಅಷ್ಟು ವರ್ಷ, ಸುಡಲು ಒಂದೇ ದಿನ. ಅಂದಮೇಲೆ ತಂತಿಗೊಂದು ಸಂಜೆ ಕೊಟ್ಟರೆ ಗಂಟೇನು ಹೋದೀತು?